ಬೀದಿ ಕಾವಲಿಗೆ ಒಂದಾಗುವುದು ಹೇಗೆ?

ಬೇಸಿಗೆ ರಜೆ, ದಸರಾ ರಜೆ ಬಂತೆಂದರೆ ಬಡಾವಣೆಯಲ್ಲಿ ಸಾಲು ಸಾಲು ಮನೆಗಳಿಗೆ ಬೀಗ. ಅದೇ ಹೊತ್ತಿಗೆ ಮೊಬೈಲ್‌ನಲ್ಲಿ ಎಚ್ಚರಿಕೆಗಳು ಶುರು. ‘ಕಳ್ಳರ ಗ್ಯಾಂಗ್ ಇಳಿದಿದೆ’, ‘ಬೆಡ್‌ಶೀಟ್ ಮಾರುವವರನ್ನು ನಂಬಬೇಡಿ’, ‘ಮಕ್ಕಳನ್ನು ಹೊರಗೆ ಬಿಡಬೇಡಿ’. ಎಲ್ಲಿ ನಡೆಯಿತು, ಯಾವಾಗ, ನೋಡಿದವರು ಯಾರು ಅಂತ ಕೇಳಿ. ಉತ್ತರ ಸಿಗುವುದಿಲ್ಲ.

ಬೀದಿಯವರು ಸೇರಿ ಕಾವಲು ನೋಡಿಕೊಳ್ಳುವುದು ಒಳ್ಳೆಯ ಕೆಲಸ. ಆದರೆ ಅದು ಹೆದರಿಕೆ ಹಂಚುವ ಕೆಲಸ ಆಗಬಾರದು. ಕಣ್ಣಾರೆ ಕಂಡ ಸುದ್ದಿ ಮೊದಲು ಪೊಲೀಸರಿಗೆ, ಆಮೇಲೆ ಅಕ್ಕಪಕ್ಕದವರಿಗೆ ಹೋಗಬೇಕು. ಇದನ್ನು ಹೇಗೆ ಹೊಂದಿಸಿಕೊಳ್ಳುವುದು, ನೋಡೋಣ.

ಮೊದಲು ಒಂದು ನೋಟ್‌ಬುಕ್

ಇಡೀ ಬಡಾವಣೆಗೆ ಒಂದೇ ಗುಂಪು ಮಾಡಲು ಹೋಗಬೇಡಿ. ಒಂದು ಅಡ್ಡರಸ್ತೆ ಸಾಕು. ಮೂವತ್ತು ನಲವತ್ತು ಮನೆಯಾದರೆ ಮುಖ ನೋಡಿ ಗುರುತು ಹಿಡಿಯಬಹುದು. ಇಬ್ಬರು ಸೇರಿ ಒಂದು ಭಾನುವಾರ ಮನೆ ಮನೆಗೆ ಹೋಗಿ. ಮನೆ ನಂಬರ್, ಒಂದು ಫೋನ್ ನಂಬರ್, ತುರ್ತಿಗೆ ಒಬ್ಬ ಸಂಬಂಧಿಕರ ನಂಬರ್ ಬರೆದುಕೊಳ್ಳಿ. ವಯಸ್ಸಾದವರು ಒಂಟಿಯಾಗಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ. ಈ ಪುಸ್ತಕ ಇಬ್ಬರ ಮನೆಯಲ್ಲಿ ಮಾತ್ರ ಇರಲಿ. ಫೋಟೊ ತೆಗೆದು ಗುಂಪಿಗೆ ಹಾಕುವುದು ಬೇಡ.

ಬಾಡಿಗೆಯವರನ್ನು ಬಿಟ್ಟು ಬರೀ ಮನೆ ಮಾಲೀಕರನ್ನು ಸೇರಿಸಿಕೊಳ್ಳುವ ಅಭ್ಯಾಸ ತುಂಬ ಕಡೆ ಇದೆ. ಅದು ತಪ್ಪು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗರು ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ನೀವು ಗಾಢ ನಿದ್ದೆಯಲ್ಲಿರುತ್ತೀರಿ. ಬೀದಿಯಲ್ಲಿ ಏನು ನಡೆದರೂ ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಮೂಲೆಯ ಇಸ್ತ್ರಿ ಅಂಗಡಿಯವರನ್ನೂ, ಕಿರಾಣಿ ಅಂಗಡಿಯವರನ್ನೂ, ಹೂವು ಮಾರುವ ಅಮ್ಮನನ್ನೂ ಸೇರಿಸಿಕೊಳ್ಳಿ. ದಿನವಿಡೀ ಬೀದಿ ನೋಡುವವರು ಅವರೇ ಅಲ್ವಾ?

ಆಮೇಲೆ ಠಾಣೆಗೆ ಒಂದು ಭೇಟಿ

ನಿಮ್ಮ ಬೀದಿ ಯಾವ ಠಾಣೆಗೆ ಸೇರುತ್ತದೆ ಅನ್ನುವುದು ನಿಮಗೆ ಗೊತ್ತೇ? ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು ಠಾಣೆ ಆಗಿರುವುದೂ ಉಂಟು. ರಾಜ್ಯದಲ್ಲಿ 2017ರಿಂದ ಹೊಸ ಬೀಟ್ ವ್ಯವಸ್ಥೆ ಇದೆ. ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಬೀಟ್‌ಗಳಾಗಿ ಹಂಚಿ, ಒಂದೊಂದು ಬೀಟಿಗೂ ಸಿಬ್ಬಂದಿಯನ್ನು ಗೊತ್ತು ಮಾಡಿರುತ್ತಾರೆ. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆಯೂ ಶುರುವಾಯಿತು. ಬೀಟ್ ಪೊಲೀಸರೇ ಮನೆಗೆ ಬಂದು ಜನರ ಕಷ್ಟ ಕೇಳಬೇಕು ಅನ್ನುವುದು ಅದರ ಉದ್ದೇಶ.

ಅವರು ಬರಲಿ ಅಂತ ಕಾಯಬೇಡಿ. ನೀವೇ ಇಬ್ಬರು ಮೂವರು ಠಾಣೆಗೆ ಹೋಗಿ, ‘ನಮ್ಮ ರಸ್ತೆಯ ಬೀಟ್ ಯಾರದು ಸರ್?’ ಅಂತ ಕೇಳಿ ನಂಬರ್ ತನ್ನಿ. ಗಸ್ತಿನವರಿಗೆ ದಾರಿ ಕಾಣದಷ್ಟು ಕತ್ತಲಿರುವ ಜಾಗ, ಕೆಟ್ಟ ಬೀದಿ ದೀಪ, ಖಾಲಿ ಸೈಟು ಯಾವುದು ಅಂತ ಆಗಲೇ ತಿಳಿಸಿ. ಸಿಬ್ಬಂದಿಗೆ ವರ್ಗಾವಣೆ ಆಗುತ್ತಲೇ ಇರುತ್ತದೆ. ಆದ್ದರಿಂದ ಆಗಾಗ ನಂಬರ್ ಸರಿ ಇದೆಯಾ ಅಂತ ನೋಡಿಕೊಳ್ಳಿ.

ಕಣ್ಣೆದುರೇ ಏನಾದರೂ ನಡೆಯುತ್ತಿದ್ದರೆ ಬೀಟ್ ಪೊಲೀಸರ ನಂಬರ್ ಹುಡುಕುತ್ತ ಕೂರಬೇಡಿ. ನೇರವಾಗಿ 112ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಾದರೆ ಪೊಲೀಸರ ಗಸ್ತು ಗಾಡಿ ‘ಹೊಯ್ಸಳ’ ಬರುತ್ತದೆ. ಫೋನಿನಲ್ಲಿ ಮೊದಲು ಜಾಗ ಹೇಳಿ: ಬಡಾವಣೆ, ಮೇನ್, ಕ್ರಾಸ್, ಹತ್ತಿರದ ದೇವಸ್ಥಾನವೋ ಶಾಲೆಯೋ. ಕಥೆ ಆಮೇಲೆ.

ವಾಟ್ಸ್ಆ್ಯಪ್ ಗುಂಪು, ಮತ್ತು ಅದರ ಕಟ್ಟುಪಾಡು

ಎರಡು ಗುಂಪು ಮಾಡುವುದು ವಾಸಿ. ಹಬ್ಬದ ಶುಭಾಶಯ, ನೀರು ಬಂತಾ, ಪ್ಲಂಬರ್ ನಂಬರ್ ಇದೆಯಾ – ಇವಕ್ಕೆಲ್ಲ ಒಂದು. ಎಚ್ಚರಿಕೆಗೆ ಇನ್ನೊಂದು. ಈ ಎರಡನೆಯದರಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ಮೂವರು ಅಡ್ಮಿನ್ ಇರಲಿ, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಏನಾದರೂ ಕಂಡವರು ಈ ಮೂವರಲ್ಲಿ ಒಬ್ಬರಿಗೆ ಫೋನ್ ಮಾಡುತ್ತಾರೆ. ಅವರು ವಿಚಾರಿಸಿ ಹಾಕುತ್ತಾರೆ. ದಿನಕ್ಕೆ ಐವತ್ತು ಗುಡ್ ಮಾರ್ನಿಂಗ್ ಬರುವ ಗುಂಪನ್ನು ಜನ ಮ್ಯೂಟ್ ಮಾಡಿರುತ್ತಾರೆ. ಅಲ್ಲಿ ಹಾಕಿದ ಎಚ್ಚರಿಕೆ ಬೆಳಗ್ಗೆ ಓದುವ ಸುದ್ದಿಯಾಗುತ್ತದೆ ಅಷ್ಟೇ.

ಈಗ ಮೆಸೇಜ್ ಬರೆಯುವ ವಿಷಯ. ಇಂಥದ್ದೊಂದು ಬಂತು ಅಂದುಕೊಳ್ಳಿ:

‘ಎಚ್ಚರ! ಎಚ್ಚರ! ನಮ್ಮ ಏರಿಯಾಕ್ಕೆ ಹೊರ ರಾಜ್ಯದ ಕಳ್ಳರು ಬಂದಿದ್ದಾರೆ. ಪೊಲೀಸ್ ವೇಷದಲ್ಲಿ ಸರ ಕಿತ್ತುಕೊಂಡು ಹೋಗುತ್ತಾರೆ. ಎಲ್ಲ ಗ್ರೂಪಿಗೂ ಕಳಿಸಿ.’

ಇದನ್ನು ಓದಿದವರಿಗೆ ಎದೆ ಹೊಡೆದುಕೊಳ್ಳುತ್ತದೆ, ಏನು ಮಾಡಬೇಕು ಅಂತ ಮಾತ್ರ ತಿಳಿಯುವುದಿಲ್ಲ. ಅದೇ ಸುದ್ದಿಯನ್ನು ಹೀಗೆ ಬರೆಯಬಹುದು:

‘ಇವತ್ತು ಮಂಗಳವಾರ ಬೆಳಗ್ಗೆ 10.30ರ ಸುಮಾರಿಗೆ 5ನೇ ಕ್ರಾಸ್ ಪಾರ್ಕ್ ಗೇಟಿನ ಹತ್ತಿರ, ಕಪ್ಪು ಬೈಕಿನಲ್ಲಿ ಬಂದ ಇಬ್ಬರು ನಮ್ಮ ಬೀದಿಯ ಹಿರಿಯರೊಬ್ಬರನ್ನು ನಿಲ್ಲಿಸಿದರು. ನಾವು ಪೊಲೀಸರು, ಮುಂದೆ ಗಲಾಟೆ ಇದೆ, ಒಡವೆ ಬಿಚ್ಚಿ ಪೇಪರಿನಲ್ಲಿ ಸುತ್ತಿಕೊಳ್ಳಿ ಅಂದರು. ಅವರು ಕೊಡದೆ ವಾಪಸ್ ಬಂದಿದ್ದಾರೆ. 112ಕ್ಕೆ ತಿಳಿಸಿದ್ದೇವೆ. ಯಾರೇ ಹೀಗೆ ಹೇಳಿದರೂ ಒಡವೆ ಬಿಚ್ಚಬೇಡಿ, ಹತ್ತಿರದ ಅಂಗಡಿಗೆ ಹೋಗಿ ನಿಲ್ಲಿ. ಮನೆಯ ಹಿರಿಯರಿಗೆ ಓದಿ ಹೇಳಿ.’

ದಿನ, ಹೊತ್ತು, ಜಾಗ, ನಡೆದದ್ದು, ಪೊಲೀಸರಿಗೆ ಹೇಳಿದ್ದು, ನಾವು ಮಾಡಬೇಕಾದದ್ದು. ಇಷ್ಟು ಬಂತು. ಜಾತಿ, ಧರ್ಮ, ಯಾವ ರಾಜ್ಯದವರು ಅನ್ನುವುದು ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಒಡವೆ ಬಿಚ್ಚಿಸುವ ಈ ಮೋಸ ಹಳೆಯದು. ಪಾತ್ರೆ, ಚಿನ್ನ ಪಾಲಿಶ್ ಮಾಡಿಕೊಡುತ್ತೇವೆ ಅಂತ ಮನೆಯೊಳಗೆ ಬರುವುದೂ ಅಷ್ಟೇ ಹಳೆಯದು. ಆದರೂ ಪ್ರತಿ ವರ್ಷ ಯಾರಾದರೂ ಅಜ್ಜಿಯ ಮಾಂಗಲ್ಯ ಹೋಗುತ್ತದೆ. ಅದಕ್ಕೇ ಹಿರಿಯರಿಗೆ ಓದಿ ಹೇಳಿ ಅಂದದ್ದು.

ಖಚಿತ ಸುದ್ದಿ ಬೇಗ ತಲುಪಿದರೆ ಏನಾಗುತ್ತದೆ ಅನ್ನುವುದಕ್ಕೆ ಮಂಗಳೂರು ಸಾಕ್ಷಿ. 2024ರ ಜುಲೈಯಲ್ಲಿ ಅಲ್ಲಿ ದರೋಡೆಕೋರರು ಒಂದು ಮನೆಗೆ ನುಗ್ಗಿ ವೃದ್ಧ ದಂಪತಿಯನ್ನು ಹೊಡೆದು, ಅವರದೇ ಕಾರಿನಲ್ಲಿ ಪರಾರಿಯಾದರು. ದಾರಿಯಲ್ಲಿ ಕಾರು ಬಿಟ್ಟು ಬೆಂಗಳೂರಿನ ಕೆಎಸ್ಆರ್‌ಟಿಸಿ ಬಸ್ ಹತ್ತಿದರು. ಸಾರಿಗೆ ಸಿಬ್ಬಂದಿ ಕೊಟ್ಟ ಮಾಹಿತಿಯಿಂದ ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ಸಿಕ್ಕಿಬಿದ್ದರು.

ಅಪರಿಚಿತರ ಫೋಟೊ ಹಾಕಬೇಡಿ

ಈ ಮಾತನ್ನು ಒತ್ತಿ ಹೇಳಬೇಕು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನ ಕೆಲವು ಯುವಕರು ಸ್ನೇಹಿತನ ಊರು ನೋಡಲು ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ಅವರ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಓಡಿತು. ಮುರ್ಕಿ ಗ್ರಾಮದ ಹತ್ತಿರ ಜನ ದಾರಿಗೆ ಅಡ್ಡ ಹಾಕಿ ಹೊಡೆದರು. ಒಬ್ಬ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅದಕ್ಕೆ ಎರಡು ತಿಂಗಳ ಮುಂಚೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನಿಗೂ ಇದೇ ಗತಿಯಾಗಿತ್ತು. ಹೊಡೆದವರಲ್ಲಿ ಎಷ್ಟೋ ಜನ ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತಲೇ ನಂಬಿದ್ದರು.

ಚಿಂದಿ ಆಯುವವರು, ಕೊರಿಯರ್ ಹುಡುಗರು, ವಿಳಾಸ ಹುಡುಕುತ್ತ ನಿಂತವರು – ಯಾರ ಫೋಟೊವನ್ನೂ ಗುಂಪಿಗೆ ಹಾಕಬೇಡಿ. ಅನುಮಾನ ಬಂದರೆ ಹತ್ತಿರ ಹೋಗಿ ‘ಯಾರ ಮನೆ ಬೇಕಿತ್ತು?’ ಅಂತ ಮಾತಾಡಿಸಿ. ಹೋಗಲು ಹೆದರಿಕೆಯಾದರೆ 112. ಫಾರ್ವರ್ಡ್ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ, ಅದು ಎಷ್ಟೋ ಕೈ ದಾಟಿ ಬಂದದ್ದು, ನಿಮ್ಮ ಬೀದಿಯಲ್ಲಿ ಹುಟ್ಟಿದ ಸುದ್ದಿ ಅಲ್ಲ ಅಂತ ತಿಳಿಯಿರಿ. ಜನರಲ್ಲಿ ಭಯ ಹುಟ್ಟಿಸುವ ಸುಳ್ಳು ಸುದ್ದಿ ಹರಡುವುದು ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ಕಳ್ಳ ಕೈಗೇ ಸಿಕ್ಕಿಬಿಟ್ಟರೆ? ನಿಮ್ಮ ಎದುರಿಗೇ ಜಾಮೀನು ಸಿಗದಂಥ ಗಂಭೀರ ಅಪರಾಧ ಮಾಡಿದವನನ್ನು ಹಿಡಿದಿಡಲು ಕಾನೂನು ಬಿಡುತ್ತದೆ. ಆದರೆ ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ಆದಷ್ಟು ಬೇಗ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆಯುವುದಕ್ಕೆ ಯಾರಿಗೂ ಹಕ್ಕಿಲ್ಲ.

ಬೀಗ ಮತ್ತು ಕ್ಯಾಮೆರಾ

ಊರಿಗೆ ಹೋಗುವ ಮುಂಚೆ ಪೇಪರ್, ಹಾಲು ನಿಲ್ಲಿಸಿ. ಗೇಟಿನಲ್ಲಿ ಪೇಪರ್ ರಾಶಿ ಬಿದ್ದಿದ್ದರೆ, ಬಾಗಿಲಲ್ಲಿ ವಾರದ ಹಿಂದಿನ ರಂಗೋಲಿ ಇದ್ದರೆ, ಮನೆ ಖಾಲಿ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಪಕ್ಕದ ಮನೆಯವರಿಗೆ ಹೇಳಿ ಒಂದೆಳೆ ರಂಗೋಲಿ ಹಾಕಿಸಿ, ಸಂಜೆ ಹೊರಗಿನ ದೀಪ ಹಾಕಿಸಿ. ಎಷ್ಟು ದಿನ ಇರುವುದಿಲ್ಲ ಅಂತ ಬೀಟ್ ಪೊಲೀಸರಿಗೆ ತಿಳಿಸಿ. ಗುಂಪಿನಲ್ಲಿ ಹಾಕಬೇಡಿ.

ಕ್ಯಾಮೆರಾ ಇದ್ದವರು ಇವತ್ತೇ ಒಂದು ಕೆಲಸ ಮಾಡಿ. ರೆಕಾರ್ಡರಿನ ಗಡಿಯಾರ ನೋಡಿ. ಕರೆಂಟು ಹೋಗಿ ಬಂದು ಎಷ್ಟೋ ಮನೆಗಳಲ್ಲಿ ಅದು ತಪ್ಪು ಹೊತ್ತು ತೋರಿಸುತ್ತಿರುತ್ತದೆ. ಕಳ್ಳತನ ಆದಾಗ ಪಕ್ಕದ ಮನೆಯ ದೃಶ್ಯಕ್ಕೂ ನಿಮ್ಮದಕ್ಕೂ ತಾಳೆಯಾಗುವುದಿಲ್ಲ. ಹಳೆಯ ದೃಶ್ಯ ಎಷ್ಟು ದಿನ ಉಳಿಯುತ್ತದೆ ಅಂತಲೂ ನೋಡಿ. ಜಾಗ ತುಂಬಿದರೆ ಅದರ ಮೇಲೇ ಹೊಸದು ಕೂರುತ್ತದೆ. ಏನಾದರೂ ನಡೆದ ದಿನವೇ ಆ ಭಾಗವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಕ್ಯಾಮೆರಾ ರಸ್ತೆ ನೋಡಲಿ, ಎದುರು ಮನೆಯ ಕಿಟಕಿ ಬೇಡ.

ಬಾಗಿಲು ಮುರಿದಿರುವುದು ಕಂಡರೆ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. ಬೀದಿಯವರೆಲ್ಲ ಒಳಗೆ ಹೋಗಿ ನೋಡಿಬಂದ ಮೇಲೆ ಬೆರಳಚ್ಚಿನವರಿಗೆ ಏನು ಉಳಿಯುತ್ತದೆ? ದೂರು ಕೊಟ್ಟವರಿಗೆ ಎಫ್ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ಗುಂಪಿನಲ್ಲಿ ಸಲಹೆ ಕೇಳುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿರುತ್ತದೆ.

ಮಗುವೋ ಹಿರಿಯರೋ ಕಾಣೆಯಾದಾಗ ಮಾತ್ರ ಫೋಟೊ ಹಾಕಲೇಬೇಕಾಗುತ್ತದೆ. 112ಕ್ಕೂ, ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ, ಮನೆಯವರ ಒಪ್ಪಿಗೆ ಪಡೆದು ಹಾಕಿ. ಫೋಟೊದ ಮೇಲೆಯೇ ತಾರೀಕು ಬರೆಯಿರಿ. ಸಿಕ್ಕ ಕೂಡಲೇ ‘ಸಿಕ್ಕಿದ್ದಾರೆ, ಇನ್ನು ಕಳಿಸಬೇಡಿ’ ಅಂತ ಹಾಕಿ, ಮೊದಲ ಮೆಸೇಜನ್ನು ಅಡ್ಮಿನ್ ಅಳಿಸಲಿ. ಇಲ್ಲದಿದ್ದರೆ ಮನೆ ಸೇರಿದ ಮಗುವಿನ ಫೋಟೊ ವರ್ಷಗಟ್ಟಲೆ ಊರೂರು ಸುತ್ತುತ್ತಿರುತ್ತದೆ, ಆ ತಾಯಿಗೆ ಫೋನ್ ಬರುತ್ತಲೇ ಇರುತ್ತದೆ.