ಮೊದಲ ಪಿಸ್ತೂಲು: ಆರಿಸುವುದು, ಖಾಲಿ ಮಾಡುವುದು, ಹಾರಿಸುವುದು

ಹೊಸದಾಗಿ ಪಿಸ್ತೂಲು ಹಿಡಿಯುವವರು ಎಡವುವುದು ಹೆಚ್ಚಾಗಿ ಎರಡು ಕಡೆ. ಅಂಗಡಿಯಲ್ಲಿ ತಮ್ಮ ಕೈಗೆ ಹೊಂದದ, ಪುಟ್ಟದಾದ, ಜೋರಾಗಿ ಒದೆಯುವ ಪಿಸ್ತೂಲನ್ನು ಕೊಂಡುಬಿಡುತ್ತಾರೆ. ಅಭ್ಯಾಸ ಮುಗಿದ ಮೇಲೆ ಅದು ಖಾಲಿಯಾಗಿದೆ ಎಂದು ನಂಬಿ ಕೆಳಗಿಡುತ್ತಾರೆ. ಮೊದಲನೆಯದರಿಂದ ದುಡ್ಡು ದಂಡ, ಕೈಗೆ ಕೆಟ್ಟ ಚಾಳಿ. ಎರಡನೆಯದರಿಂದ ಜೀವಕ್ಕೇ ಕುತ್ತು. ಹಾಗಾಗಿ ಇಲ್ಲಿ ಇವೆರಡಕ್ಕೇ ಹೆಚ್ಚು ಜಾಗ.

ಕೊಳ್ಳುವ ಮೊದಲು

ಪರವಾನಗಿ, ಮನೆಯಲ್ಲಿ ಇಡುವ ರೀತಿ, ಸಾಗಿಸುವ ರೀತಿ – ಈ ಮೂರರ ಬಗ್ಗೆ ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆಂದು ಓದಿಕೊಳ್ಳಿ. ತರಬೇತುದಾರರಿರುವ ರೇಂಜಿಗೆ ಹೋಗಿ ಅಲ್ಲಿನ ಮೂರ್ನಾಲ್ಕು ಬಗೆಯ ಪಿಸ್ತೂಲುಗಳನ್ನು ಹಾರಿಸಿ ನೋಡಿ. ಅದಾದ ಮೇಲೆಯೇ ಅಂಗಡಿ.

ಯಾವುದನ್ನು ಕೊಳ್ಳಬೇಕು

ಮೊದಲ ಪಿಸ್ತೂಲು ಪಾಯಿಂಟ್ 22 ಎಲ್‌ಆರ್ (ಲಾಂಗ್ ರೈಫಲ್ ಎಂಬ ಪುಟ್ಟ ತೋಟಾ ಹಾರಿಸುವುದು) ಆಗಿರಲಿ. ಪೂರ್ಣ ಗಾತ್ರದ್ದಿರಲಿ, ನಳಿಕೆ 12ರಿಂದ 15 ಸೆಂ.ಮೀ. ಇರಲಿ. ಇದರ ಗುಂಡು ಸಾಮಾನ್ಯವಾಗಿ 2.6 ಗ್ರಾಂ ತೂಗುತ್ತದೆ. 9 ಎಂಎಂ ಗುಂಡು ಸುಮಾರು 7.5ರಿಂದ 9.5 ಗ್ರಾಂ. ಪಾಯಿಂಟ್ 22ರಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ತಪ್ಪು ಎಲ್ಲಾಯಿತೆಂದು ಕಣ್ಣಿಗೆ ಕಾಣುತ್ತದೆ. ತೋಟಾ ಅಗ್ಗವಾದ್ದರಿಂದ ಅಭ್ಯಾಸಕ್ಕೆ ಕೈ ಬಿಗಿ ಹಿಡಿಯಬೇಕಾಗಿಲ್ಲ. ರೂಗರ್ ಮಾರ್ಕ್ 4 ಮತ್ತು ಬ್ರೌನಿಂಗ್ ಬಕ್ ಮಾರ್ಕ್ ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಮಾರ್ಕ್ 4ಕ್ಕಿಂತ ಹಿಂದಿನ ರೂಗರ್‌ಗಳೂ ಗಟ್ಟಿಮುಟ್ಟು, ಆದರೆ ಬಿಚ್ಚಿದ ಮೇಲೆ ಮತ್ತೆ ಜೋಡಿಸುವುದು ತಲೆನೋವು. ಮಾರ್ಕ್ 4ರಲ್ಲಿ ಹಿಂಬದಿಯ ಒಂದು ಗುಂಡಿ ಒತ್ತಿದರೆ ಮೇಲ್ಭಾಗ ಬಿಚ್ಚಿಕೊಳ್ಳುತ್ತದೆ.

ಪಾಯಿಂಟ್ 22 ಬೇಡವೇ ಬೇಡ ಎನ್ನುವವರು ಗ್ಲಾಕ್ 17 ಅಥವಾ ಸಿಝಡ್ 75ರಂಥ ಪೂರ್ಣ ಗಾತ್ರದ 9 ಎಂಎಂ ನೋಡಬಹುದು. ರಿವಾಲ್ವರ್ ಮೇಲೆ ಮನಸ್ಸಿದ್ದರೆ 4 ಇಂಚು ನಳಿಕೆಯ, ಉಕ್ಕಿನ ಮೈಯ ಪಾಯಿಂಟ್ 38 ಸ್ಪೆಷಲ್. ಸಿಲಿಂಡರ್ (ತೋಟಾಗಳು ಕೂರುವ, ತಿರುಗುವ ಉರುಳೆ) ಹೊರಗೆ ಮಗುಚಿದ ಕೂಡಲೇ ಬಾರು ಇದೆಯೋ ಇಲ್ಲವೋ ಕಾಣುವುದು ರಿವಾಲ್ವರಿನ ದೊಡ್ಡ ಗುಣ. ಡಬಲ್ ಆಕ್ಷನ್‌ನಲ್ಲಿ (ಟ್ರಿಗರಿನ ಎಳೆತವೇ ಸುತ್ತಿಗೆಯನ್ನೂ ಹಿಂದಕ್ಕೆತ್ತುವ ಕ್ರಮ) ಟ್ರಿಗರ್ ಎಳೆಯಲು ಸುಮಾರು 5 ಕಿಲೊ ಬಲ ಬೇಕು ಎಂಬುದು ಕಲಿಯುವವರಿಗೆ ಅಡ್ಡಿ.

ಅಂಗೈಯಲ್ಲಿ ಅಡಗುವ ಪುಟ್ಟ ಪಿಸ್ತೂಲನ್ನು ಮೊದಲನೆಯದಾಗಿ ಕೊಳ್ಳಲೇಬೇಡಿ. ‘ಚಿಕ್ಕದು, ಹೊಸಬರಿಗೆ ಸುಲಭ’ ಎಂದು ಮಾರುವವರ ಮಾತು ಪೂರ್ತಿ ತಪ್ಪು. ತೋಟಾ ಅದೇ, ಪಿಸ್ತೂಲಿನ ತೂಕ ಅರ್ಧ ಎಂದಾದರೆ ಒದೆತವೆಲ್ಲ ಅಂಗೈಗೇ ಬರುತ್ತದೆ. ಹಿಡಿಯಲ್ಲಿ ಎರಡು ಬೆರಳಿಗಷ್ಟೇ ಜಾಗ, ಕಿರುಬೆರಳು ಗಾಳಿಯಲ್ಲಿ. ಫೋರ್‌ಸೈಟ್–ಬ್ಯಾಕ್‌ಸೈಟ್ (ಗುರಿ ಹಿಡಿಯಲು ಮೇಲಿರುವ ಮುಂದಿನ, ಹಿಂದಿನ ಗುರುತುಗಳು) ನಡುವಿನ ದೂರವೂ ಕಡಿಮೆ. ಆ ದೂರ 15 ಸೆಂ.ಮೀ. ಇರುವ ಪಿಸ್ತೂಲಿನಲ್ಲಿ ಫೋರ್‌ಸೈಟ್ 1 ಮಿ.ಮೀ. ಅತ್ತಿತ್ತ ಆದರೆ 7 ಮೀಟರ್ ದೂರದ ಗುರಿಯಲ್ಲಿ ಗುಂಡು ಸುಮಾರು 4.7 ಸೆಂ.ಮೀ. ಸರಿಯುತ್ತದೆ. 10 ಸೆಂ.ಮೀ. ಇದ್ದರೆ ಅದೇ ತಪ್ಪಿಗೆ 7 ಸೆಂ.ಮೀ.

ಕೈಗೆ ಹೊಂದುತ್ತದೆಯೇ ಎಂದು ನೋಡಲು, ಖಾಲಿ ಪಿಸ್ತೂಲಿನ ನಳಿಕೆ ಮುಂಗೈಯ ನೇರಕ್ಕೆ ಬರುವಂತೆ ಹಿಡಿಯಿರಿ. ಹೆಬ್ಬೆರಳು–ತೋರುಬೆರಳ ಸಂದು ಹಿಡಿಯ ಮೇಲ್ತುದಿಗೆ ಒತ್ತಿರಬೇಕು. ಆಗ ತೋರುಬೆರಳಿನ ಕೊನೆಯ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಕೂರಬೇಕು. ಬರೀ ತುದಿ ತಾಗಿದರೆ ಹಿಡಿ ದಪ್ಪವಾಯಿತು. ಬೆರಳು ಗೆಣ್ಣು ದಾಟಿ ಒಳಹೊಕ್ಕರೆ ತೆಳುವಾಯಿತು. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆಳೆದು ಲಾಕ್ ಮಾಡಲು ಆಗದಿದ್ದರೆ ಆ ಪಿಸ್ತೂಲು ನಿಮ್ಮದಲ್ಲ. ‘ಆಮೇಲೆ ಸಡಿಲವಾಗುತ್ತೆ’ ಎಂಬ ಭರವಸೆ ನಂಬಬೇಡಿ.

ಇಷ್ಟು ಕೊಂಡ ಮೇಲೆ ಉಳಿದ ಹಣವನ್ನು ಲೇಸರ್, ಹಗುರ ಟ್ರಿಗರಿನ ಸ್ಪ್ರಿಂಗ್ ಕಿಟ್, ಯಾವ ಪಿಸ್ತೂಲಿಗೂ ಆಗುತ್ತದೆನ್ನುವ ಮೆತ್ತನೆಯ ನೈಲಾನ್ ಹೋಲ್ಸ್ಟರ್ (ಪಿಸ್ತೂಲಿನ ಒರೆ) ಇವುಗಳಿಗೆ ಸುರಿಯಬೇಡಿ. ಆ ಹೋಲ್ಸ್ಟರಿನ ಬಾಯಿ ಕುಸಿದು, ಬಟ್ಟೆಯ ಮಡಿಕೆ ಟ್ರಿಗರ್ ಗಾರ್ಡಿನೊಳಗೆ ಸೇರಿಕೊಳ್ಳುವುದುಂಟು. ಅದರ ಬದಲು ಪಾಲಿಕಾರ್ಬೊನೇಟ್ ಕನ್ನಡಕ, ಕಿವಿಗೆ ಇಯರ್ ಮಫ್, ಮುಂದೆ ಅಂಚಿರುವ ಟೋಪಿ ತನ್ನಿ. ಪಿಸ್ತೂಲಿನ ಸದ್ದು 140 ಡೆಸಿಬಲ್ ಮೀರುತ್ತದೆ. ಛಾವಣಿಯಿರುವ ರೇಂಜಿನಲ್ಲಿ ಮಫ್ ಒಳಗೆ ಫೋಮ್ ಪ್ಲಗ್ಗೂ ಬೇಕು. ಟೋಪಿ ಯಾಕೆಂದರೆ, ಹಾರಿಬರುವ ಬಿಸಿ ಖಾಲಿ ತೋಟಾ ಕನ್ನಡಕಕ್ಕೂ ಕಣ್ಣಿಗೂ ನಡುವೆ ಬೀಳದಿರಲಿ ಎಂದು. ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿಕೊಳ್ಳಿ.

ನಾಲ್ಕು ನಿಯಮ

ಪ್ರತಿ ಪಿಸ್ತೂಲಿನಲ್ಲೂ ಬಾರು ಇದೆಯೆಂದೇ ತಿಳಿಯಿರಿ. ಹಾರಿಸಲು ಒಪ್ಪದ ಯಾವುದರ ಕಡೆಗೂ ನಳಿಕೆ ತಿರುಗದಿರಲಿ. ಸೈಟ್ ಗುರಿಯ ಮೇಲೆ ಕೂರುವ ತನಕ ಬೆರಳು ಟ್ರಿಗರಿನ ಹೊರಗೆ, ಪಿಸ್ತೂಲಿನ ಮೈಗುಂಟ ನೇರವಾಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಗೊತ್ತಿರಲಿ: ಪಾಯಿಂಟ್ 22ರ ಪುಟ್ಟ ಗುಂಡೂ ಒಂದು ಕಿಲೊಮೀಟರಿಗಿಂತ ಆಚೆ ಹೋಗಬಲ್ಲದು.

ಖಾಲಿ ಮಾಡುವುದು

ಈ ಭಾಗವನ್ನು ಎರಡು ಸಲ ಓದಿ. ಕೆಲಸ ಹತ್ತು ಸೆಕೆಂಡಿನದು, ಆದರೆ ಅದರ ಅನುಕ್ರಮ ತಪ್ಪಿದರೆ ಖಾಲಿಯಂತೆ ಕಾಣುವ, ಬಾರು ತುಂಬಿದ ಪಿಸ್ತೂಲು ಕೈಯಲ್ಲಿರುತ್ತದೆ.

ನಳಿಕೆ ಗುರಿಯ ಕಡೆಗೇ ಇರಲಿ, ಬೆರಳು ಹೊರಗಿರಲಿ. ಮೊದಲು ಮ್ಯಾಗಜೀನ್ (ಹಿಡಿಯೊಳಗೆ ಕೂರುವ, ತೋಟಾ ತುಂಬುವ ಡಬ್ಬಿ) ಹೊರಗೆ. ಅದನ್ನು ಮೇಜಿನ ಮೇಲೆ ಪಕ್ಕಕ್ಕಿಡಿ. ಈಗ ಸ್ಲೈಡನ್ನು ಕೊನೆಯವರೆಗೆ ಎಳೆಯಿರಿ. ಒಳಗಿದ್ದ ತೋಟಾ ಹಾರಿ ಬೀಳುತ್ತದೆ. ಅದನ್ನು ಅಂಗೈಯಲ್ಲಿ ಹಿಡಿಯಲು ತೋಟಾ ಹೊರಬೀಳುವ ಕಿಂಡಿಗೆ ಕೈ ಅಡ್ಡ ಇಡಬೇಡಿ. ನೋಡಲು ಚಂದ, ಆದರೆ ಅಡ್ಡಬಿದ್ದ ತೋಟಾದ ಪ್ರೈಮರ್ (ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಭಾಗ) ಎಜೆಕ್ಟರಿಗೆ (ತೋಟಾವನ್ನು ಹೊರಗೆ ಚಿಮ್ಮಿಸುವ ಮೊಳೆಗೆ) ಬಡಿದು ಅಂಗೈಯಲ್ಲೇ ಸಿಡಿಯಬಹುದು. ಬೀಳಲಿ ಬಿಡಿ, ಆಮೇಲೆ ಹೆಕ್ಕಿಕೊಳ್ಳಿ. ಮತ್ತೆರಡು ಸಲ ಎಳೆದು, ಸ್ಲೈಡನ್ನು ಹಿಂದಕ್ಕೆ ಲಾಕ್ ಮಾಡಿ. ಬೆಳಕಿಗೆ ಓರೆಯಾಗಿ ಹಿಡಿದು ಚೇಂಬರ್ (ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ನೋಡಿ, ಮ್ಯಾಗಜೀನ್ ಕೂರುವ ಪೊಟರೆ ನೋಡಿ. ಕಣ್ಣು ಮುಗಿಸಿದ ಮೇಲೆ ಬೆರಳು: 9 ಎಂಎಂ ಆದರೆ ಕಿರುಬೆರಳ ತುದಿ ಚೇಂಬರಿನೊಳಗೆ ಸ್ವಲ್ಪ ಇಳಿಯುತ್ತದೆ. ಪಾಯಿಂಟ್ 22ರಲ್ಲಿ ಇಳಿಯದು. ಬಾಯಿಯ ಅಂಚನ್ನು ಉಗುರಿನಿಂದ ಸವರಿ. ಅಲ್ಲಿ ಹಿತ್ತಾಳೆಯ ತೆಳು ಅಂಚು ಉಗುರಿಗೆ ತಾಗಿದರೆ ತೋಟಾ ಒಳಗೇ ಇದೆ. ಕೊನೆಗೆ ಬಣ್ಣದ ಪ್ಲಾಸ್ಟಿಕ್ ಚೇಂಬರ್ ಫ್ಲ್ಯಾಗ್ ತೂರಿಸಿ, ಪಕ್ಕದಲ್ಲಿರುವವರಿಗೂ ತೋರಿಸಿ.

ಜನ ಎಲ್ಲಿ ತಪ್ಪುತ್ತಾರೆ? ಮೊದಲು ಸ್ಲೈಡ್ ಎಳೆದು, ಆಮೇಲೆ ಮ್ಯಾಗಜೀನ್ ತೆಗೆಯುತ್ತಾರೆ. ಸ್ಲೈಡ್ ಹಿಂದೆ ಬಂದಾಗ ಒಂದು ತೋಟಾ ಹೊರಗೆ ಬಿತ್ತು, ನಿಜ. ಅದೇ ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜೀನಿನ ಮೇಲಿದ್ದ ಮುಂದಿನ ತೋಟಾವನ್ನು ಚೇಂಬರಿಗೆ ತಳ್ಳಿತು. ಈಗ ಮ್ಯಾಗಜೀನ್ ತೆಗೆದರೆ ಏನು ಬಂತು? ನೆಲದ ಮೇಲೆ ಬಿದ್ದ ತೋಟಾ ನೋಡಿ ಸಮಾಧಾನಪಟ್ಟವರ ಕೈಯಲ್ಲಿ ಇನ್ನೊಂದು ತೋಟಾ ಸಿದ್ಧವಾಗಿ ಕೂತಿದೆ.

ಇನ್ನೊಂದು, ಎಕ್ಸ್‌ಟ್ರಾಕ್ಟರಿನ ಕೊಕ್ಕೆ. ತೋಟಾವನ್ನು ಚೇಂಬರಿನಿಂದ ಎಳೆಯುವ ಅದು ಮುರಿದಿದ್ದರೆ ಅಥವಾ ಜಿಡ್ಡು ಕಟ್ಟಿದ್ದರೆ ಸ್ಲೈಡ್ ಮಾತ್ರ ಹಿಂದೆ ಬರುತ್ತದೆ, ತೋಟಾ ಅಲ್ಲೇ ಉಳಿಯುತ್ತದೆ. ‘ಎಳೆದೆ, ಏನೂ ಬೀಳಲಿಲ್ಲ, ಅಂದರೆ ಖಾಲಿ’ ಎಂಬ ತರ್ಕ ಇಲ್ಲಿ ಕೈಕೊಡುತ್ತದೆ. ಪಾಯಿಂಟ್ 22 ತೋಟಾಗಳ ಮೇಣ ಮತ್ತು ಸೀಸ ಚೇಂಬರಿಗೆ ಮೆತ್ತಿಕೊಳ್ಳುವುದರಿಂದ ಅವುಗಳಲ್ಲಿ ಇದು ಸಾಮಾನ್ಯ.

ರೂಗರ್ ಮಾರ್ಕ್ 4ರಂಥ ಕೆಲವು ಪಿಸ್ತೂಲುಗಳು ಮ್ಯಾಗಜೀನ್ ತೆಗೆದರೆ ಹಾರುವುದೇ ಇಲ್ಲ. ಅದರಲ್ಲಿ ಕಲಿತವರು ಮ್ಯಾಗಜೀನ್ ಹೊರಗಿದ್ದರೆ ಎಲ್ಲ ಪಿಸ್ತೂಲೂ ಸುರಕ್ಷಿತ ಎಂದುಕೊಂಡು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಗ್ಲಾಕ್‌ಗೆ ಆ ಏರ್ಪಾಡಿಲ್ಲ. ಮೇಲಾಗಿ ಗ್ಲಾಕ್ ಬಿಚ್ಚಬೇಕಾದರೆ ಒಮ್ಮೆ ಟ್ರಿಗರ್ ಎಳೆಯಲೇಬೇಕು. ಶುಚಿ ಮಾಡಲು ಕೂತವರ ಕೈಯಲ್ಲಿ ಗುಂಡು ಹಾರುವುದು ಅಲ್ಲೇ. ಎಷ್ಟು ಹಾರಿಸಿದೆ ಎಂಬ ಎಣಿಕೆಯನ್ನಂತೂ ಎಂದೂ ನಂಬಬೇಡಿ. ಚೇಂಬರ್ ಕಂಡರಷ್ಟೇ ಮಾತು.

ರಿವಾಲ್ವರಿನಲ್ಲಿ ಸಿಲಿಂಡರ್ ಹೊರತಂದು, ನಳಿಕೆ ಮೇಲ್ಮುಖ ಮಾಡಿ, ಎಜೆಕ್ಟರ್ ಕಡ್ಡಿಯನ್ನು ಒಂದೇ ಏಟಿಗೆ ಪೂರ್ತಿ ಒತ್ತಿ. ಅಂಜುತ್ತಾ ಅರ್ಧ ಒತ್ತಿದರೆ ತೋಟಾದ ಅಂಚು ನಕ್ಷತ್ರದಾಕಾರದ ಬಿಲ್ಲೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆರು ತೂತಿನಲ್ಲೂ ಬೆಳಕು ಕಾಣಬೇಕು.

ಪಿಸ್ತೂಲು ಕೈ ಬದಲಾದಾಗಲೆಲ್ಲ ಸ್ಲೈಡ್ ತೆರೆದೇ ಕೊಡಿ. ಪಡೆದವರು ಮತ್ತೆ ನೋಡಲಿ. ಅವರ ಮೇಲೆ ನಂಬಿಕೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ.

ಹಿಡಿತ ಮತ್ತು ನೋಟ

ಎರಡೂ ಕೈ ಬಳಸಿ. ಬಲಗೈಯವರಾದರೆ ಎಡ ಅಂಗೈ ಹಿಡಿಯ ಖಾಲಿ ಪಕ್ಕವನ್ನು ತುಂಬಲಿ, ಎರಡೂ ಹೆಬ್ಬೆರಳು ಎಡಬದಿಯಲ್ಲಿ ಮುಂದಕ್ಕೆ ಚಾಚಿರಲಿ. ಎಡ ಹೆಬ್ಬೆರಳನ್ನು ಸ್ಲೈಡಿನ ಹಿಂದೆ ಅಡ್ಡ ಹಾಕಿದರೆ ಮೊದಲ ಗುಂಡಿಗೇ ಚರ್ಮ ಸೀಳುತ್ತದೆ. ರಿವಾಲ್ವರಿನಲ್ಲಿ ಹೆಬ್ಬೆರಳು ಮುಂದಕ್ಕೆ ಹೋಗಲೇಬಾರದು: ಸಿಲಿಂಡರಿಗೂ ನಳಿಕೆಗೂ ನಡುವಿನ ಕೂದಲೆಳೆಯ ಸಂದಿನಿಂದ ಉರಿಗಾಳಿ ಚಿಮ್ಮುತ್ತದೆ. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಆಗ ಪಿಸ್ತೂಲನ್ನು ಬಯ್ದು ಫಲವಿಲ್ಲ.

ಕಣ್ಣು ಫೋರ್‌ಸೈಟ್ ಮೇಲೆ ನೆಡಬೇಕು. ಗುರಿಯ ಕಾಗದ ಮಸುಕಾಗಿಯೇ ಕಾಣಲಿ. ಫೋರ್‌ಸೈಟಿನ ತಲೆ ಬ್ಯಾಕ್‌ಸೈಟಿನ ಸಮಕ್ಕೆ, ಎರಡೂ ಪಕ್ಕ ಸಮನಾದ ಬೆಳಕಿನ ಗೆರೆ.

ಟ್ರಿಗರ್

ಬೆರಳನ್ನು ನೇರ ಹಿಂದಕ್ಕೆ, ಒಂದೇ ಸಮನೆ ಒತ್ತುತ್ತಾ ಹೋಗಿ. ಸೈಟ್ ಅಲುಗುವುದು ಸಹಜ; ಅದು ನಿಂತ ಕ್ಷಣ ನೋಡಿ ಗಬಕ್ಕನೆ ಎಳೆಯುವವರ ಗುಂಡುಗಳೇ ದೂರ ಬೀಳುವುದು. ಬಲಗೈಯವರ ಗುಂಡುಗಳೆಲ್ಲ ಗುರಿಯ ಕೆಳಗೆ ಎಡಕ್ಕೆ ಗುಂಪುಗೂಡಿದರೆ ಸೈಟನ್ನು ತಿರುಗಿಸಬೇಡಿ. ದೋಷ ಕೈಯದು. ಸದ್ದು, ಒದೆತ ಬರುತ್ತದೆಂದು ಮೈಗೆ ಮೊದಲೇ ಗೊತ್ತಿರುವುದರಿಂದ ಗುಂಡು ಹೊರಡುವ ಮುಂಚೆಯೇ ಮಣಿಕಟ್ಟು ನಳಿಕೆಯನ್ನು ಕೆಳಗೆ ತಳ್ಳುತ್ತದೆ.

ಇದನ್ನು ಹಿಡಿದುಹಾಕುವ ದಾರಿಯಿದೆ. ಹತ್ತು ತೋಟಾಗಳಲ್ಲಿ ಮೂರು ಡಮ್ಮಿ (ಮದ್ದಿಲ್ಲದ, ಹಾರದ ತೋಟಾ) ಸೇರಿಸಿ, ಬೇರೆಯವರಿಂದ ಮ್ಯಾಗಜೀನ್ ತುಂಬಿಸಿ. ಯಾವಾಗ ಡಮ್ಮಿ ಬರುತ್ತದೆಂದು ನಿಮಗೆ ತಿಳಿಯದು. ಅದು ಬಂದಾಗ ಸದ್ದಿಲ್ಲ, ಒದೆತವಿಲ್ಲ. ಫೋರ್‌ಸೈಟ್ ಮಾತ್ರ ಕುಪ್ಪಳಿಸಿ ಕೆಳಗೆ ಬೀಳುವುದು ಸ್ಪಷ್ಟವಾಗಿ ಕಾಣುತ್ತದೆ. ಬಿದ್ದರೆ ನಿಜವಾದ ತೋಟಾ ಬದಿಗಿಟ್ಟು, ಖಾಲಿ ಪಿಸ್ತೂಲಿನಲ್ಲಿ ಹತ್ತು ಸಲ ಟ್ರಿಗರ್ ಒತ್ತಿ, ಮತ್ತೆ ಶುರು ಮಾಡಿ.

ಖಾಲಿ ಪಿಸ್ತೂಲಿನ ಅಭ್ಯಾಸ ಮನೆಯಲ್ಲೂ ಆಗುತ್ತದೆ, ತೋಟಾ ಬೇರೆ ಕೋಣೆಯಲ್ಲಿ ಬೀಗದೊಳಗೆ ಇದ್ದರೆ ಮಾತ್ರ. ಫೋರ್‌ಸೈಟ್ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಪಾಯಿಂಟ್ 22ರಲ್ಲಿ ಇದನ್ನು ಬರಿ ಚೇಂಬರಿಗೆ ಮಾಡುವ ಮೊದಲು ಕೈಪಿಡಿ ನೋಡಿ: ಕೆಲವು ಮಾದರಿಗಳಲ್ಲಿ ಫೈರಿಂಗ್ ಪಿನ್ (ತೋಟಾವನ್ನು ಬಡಿಯುವ ಮೊಳೆ) ಚೇಂಬರಿನ ಅಂಚಿಗೇ ಬಡಿದು ಗುಳಿ ಬೀಳಿಸುತ್ತದೆ.

ರೇಂಜಿನಲ್ಲಿ 7 ಮೀಟರಿನಿಂದ ಶುರು ಮಾಡಿ. ಹತ್ತು ಗುಂಡು ಅಂಗೈಯಗಲದಲ್ಲಿ ಬೀಳುವ ತನಕ 15 ಮೀಟರಿಗೆ ಹೋಗಬೇಡಿ. ಒಂದು ಸಲಕ್ಕೆ 50 ತೋಟಾ ಮೀರಬೇಡಿ. ದಣಿದ ಕೈ ತಪ್ಪನ್ನೇ ಕಲಿಯುತ್ತದೆ.

ಸದ್ದು ಬೇರೆಯಾದರೆ

ಟ್ರಿಗರ್ ಎಳೆದರೂ ಗುಂಡು ಹಾರಲಿಲ್ಲವೆಂದರೆ ನಳಿಕೆ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಮದ್ದು ತಡವಾಗಿ ಹೊತ್ತಬಹುದು. ನಳಿಕೆಯೊಳಗೆ ಇಣುಕಬೇಡಿ.

ಇದಕ್ಕಿಂತ ಭಯಂಕರವಾದುದು ‘ಠುಸ್’ ಎಂಬ ಸದ್ದು. ತೋಟಾದಲ್ಲಿ ಮದ್ದಿಲ್ಲದಿದ್ದರೆ ಪ್ರೈಮರಿನ ಬಲಕ್ಕೆ ಗುಂಡು ನಳಿಕೆಯ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಕೆ ಸಿಡಿಯಬಹುದು. ಒದೆತ ಕಡಿಮೆ ಅನ್ನಿಸಿದ ಕ್ಷಣವೇ ನಿಲ್ಲಿಸಿ, ಖಾಲಿ ಮಾಡಿ, ಪಿಸ್ತೂಲು ಬಿಚ್ಚಿ, ಚೇಂಬರ್ ಕಡೆಯಿಂದ ಕಡ್ಡಿ ತೂರಿಸಿ ನೋಡಿ. ಯಾರೋ ಮನೆಯಲ್ಲಿ ಮತ್ತೆ ತುಂಬಿದ ತೋಟಾವನ್ನು, ಎಷ್ಟೇ ಅಗ್ಗವಾದರೂ, ಮುಟ್ಟಬೇಡಿ ಎನ್ನುವುದು ಇದಕ್ಕೇ.

ಶುಚಿ ಮಾಡುವುದು, ಇಡುವುದು

ಮೊದಲು ತಣ್ಣೀರು, ಸೋಪಿನಲ್ಲಿ ಕೈ ಮತ್ತು ಮುಖ ತೊಳೆಯಿರಿ, ಸೀಸದ ಪುಡಿ ಅಂಟಿರುತ್ತದೆ. ಅಲ್ಲಿಯತನಕ ತಿನ್ನುವುದು, ಕುಡಿಯುವುದು ಬೇಡ. ಕಂಚಿನ ಬ್ರಷ್ಷನ್ನು ಆದಷ್ಟು ಚೇಂಬರ್ ಕಡೆಯಿಂದಲೇ ತೂರಿಸಿ, ಸಾಲ್ವೆಂಟಿನಲ್ಲಿ ನೆನೆದ ಬಟ್ಟೆ ಎಳೆಯಿರಿ, ಒಣಬಟ್ಟೆ ಎಳೆಯಿರಿ. ಸ್ಲೈಡ್ ಜಾರುವ ಹಳಿಗಳಿಗೆ ಒಂದೊಂದು ಹನಿ ಎಣ್ಣೆ ಸಾಕು. ಸುರಿದರೆ ಧೂಳು ಹಿಡಿಯುತ್ತದೆ.

ಚರ್ಮದ ಹೋಲ್ಸ್ಟರಿನಲ್ಲಿ ಅಥವಾ ಫೋಮ್ ಹಾಸಿನ ಪೆಟ್ಟಿಗೆಯಲ್ಲಿ ಬಹಳ ದಿನ ಇಡಬೇಡಿ. ಎರಡೂ ತೇವ ಹಿಡಿದಿಟ್ಟುಕೊಂಡು ತುಕ್ಕು ತರಿಸುತ್ತವೆ. ಪಿಸ್ತೂಲು ಒಂದು ಬೀಗದೊಳಗೆ, ತೋಟಾ ಇನ್ನೊಂದರೊಳಗೆ, ಎರಡರ ಕೀಲಿಯೂ ಬೇರೆ ಬೇರೆ ಕಡೆ. ಮಕ್ಕಳಿರುವ ಮನೆಯಲ್ಲಿ ಎತ್ತರದ ಕಪಾಟನ್ನು ಬೀಗವೆಂದು ಎಣಿಸಬೇಡಿ. ತೆರೆದ ಸ್ಲೈಡಿನೊಳಗಿಂದ ಹಾಯಿಸುವ ಕೇಬಲ್ ಬೀಗ ಒಳ್ಳೆಯದು, ಅದು ಕೂತಿದ್ದರೆ ಸ್ಲೈಡ್ ಮುಂದೆ ಹೋಗಿ ಮುಚ್ಚಿಕೊಳ್ಳಲು ಸಾಧ್ಯವಿಲ್ಲ. ಟ್ರಿಗರಿನ ಮೇಲೆ ಕಚ್ಚುವ ಬೀಗವನ್ನು ಬಾರು ಇರುವ ಪಿಸ್ತೂಲಿಗೆ ಎಂದೂ ಹಾಕಬೇಡಿ. ಸಿಕ್ಕಿಸುವಾಗಲೋ ಬಿಚ್ಚುವಾಗಲೋ ಅದರ ಕಡ್ಡಿಯೇ ಟ್ರಿಗರನ್ನು ಒತ್ತಿಬಿಡಬಹುದು.