ಕೋಣನ ಗಾಣದ ಜೋನಿ ಮಳೆಗಾಲ ದಾಟಿತು

ಜನವರಿಯಲ್ಲಿ ತುಂಬಿಸಿಟ್ಟ ಜೋನಿಬೆಲ್ಲದ (ನೀರಾದ ಬೆಲ್ಲದ) ಡಬ್ಬಿಗಳನ್ನು ಮೊನ್ನೆ ದೀಪಾವಳಿಗೆ ತೆರೆದೆ. ತಳದಲ್ಲಿ ಹರಳಿಲ್ಲ, ಹುಳಿ ವಾಸನೆಯಿಲ್ಲ. ಕಬ್ಬು ಹಿಂಡುವ ಕೋಣನ ಗಾಣದ ಕಾಲ ಮುಗಿಯಿತು, ಡೀಸೆಲ್ ಗಾಣ ತರಿಸು ಎಂದು ಮೂರು ವರ್ಷಗಳಿಂದ ಹೇಳುತ್ತಿದ್ದವರ ಮನೆಗೂ ಒಂದೊಂದು ಬಾಟಲಿ ಕಳಿಸಿದ್ದೇನೆ.

ಸಿದ್ದಾಪುರದ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಗಾಣ ತುಕ್ಕು ಹಿಡಿದು ಬಿದ್ದಿತ್ತು. ದುರಸ್ತಿಗೆ ಹನ್ನೆರಡು ಸಾವಿರ, ಕೋಣಗಳ ಬಾಡಿಗೆಗೆ ಇನ್ನೊಂದು ಹದಿನೈದು. ಮೊದಲ ವರ್ಷ ಕಬ್ಬಿನ ಹಾಲಿಗೆ ಹಾಕಿದ ಸುಣ್ಣ ಹೆಚ್ಚಾಗಿ ಮೂರು ಕೊಪ್ಪರಿಗೆ ಕಪ್ಪಾದವು, ಒಂದು ಸೀದುಹೋಯಿತು. ಸೀದೀತೆಂಬ ಹೆದರಿಕೆಯಲ್ಲಿ ಮರುವರ್ಷ ಬೇಗ ಇಳಿಸಿದೆ. ಆಷಾಢದ ಹೊತ್ತಿಗೆ ಡಬ್ಬಿಗಳು ಉಬ್ಬಿ, ನಾಲ್ಕರ ಮುಚ್ಚಳವೇ ಹಾರಿತು. ಕೆಲವನ್ನು ಗಟ್ಟಿಯಾಗಿ ಕಾಯಿಸಿದ್ದೆ, ಅವು ಅರ್ಧಕ್ಕರ್ಧ ಸಕ್ಕರೆಯಾಗಿ ತಳ ಹಿಡಿದವು. ಎರಡು ವರ್ಷಕ್ಕೆ ಕೈಬಿಟ್ಟದ್ದು ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ.

ತೊಂದರೆ ಇದ್ದದ್ದು ಕೋಣದ ನಡಿಗೆಯಲ್ಲಿ. ಕೊಪ್ಪರಿಗೆ ತುಂಬಲು ನಾಲ್ಕೈದು ತಾಸು ಬೇಕು. ಅಷ್ಟರಲ್ಲಿ ಮೊದಲು ಹಿಂಡಿದ ಹಾಲು ಬಿಸಿಲಿಗೆ ಕೆಡುತ್ತಿತ್ತು. ಈ ಸಲ ರಾತ್ರಿ ಎರಡು ಗಂಟೆಗೇ ಗಾಣ ಕಟ್ಟಿಸಿದೆ. ಹಿಂದಿನ ದಿನ ಕಡಿದ ಕಬ್ಬು ಮಾತ್ರ, ಹಳತು ಒಂದು ಜಲ್ಲೆಯೂ ಇಲ್ಲ. ಹೊತ್ತು ಏರುವ ಮುಂಚೆ ಕೊಪ್ಪರಿಗೆ ಒಲೆಯ ಮೇಲಿರುತ್ತಿತ್ತು.

ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆಯೇ ಸಾಕು. ಬಣ್ಣಕ್ಕೆಂದು ಹೈಡ್ರೋಸ್ ಎಂಬ ಬಿಳುಪಿನ ರಾಸಾಯನಿಕ ಹಾಕುವವರ ಬೆಲ್ಲವನ್ನು ನಾನು ಮುಟ್ಟುವುದಿಲ್ಲ. ಲೋಳೆ ಸಾಕಾದರೂ ಜೊತೆಗೆ ಒಂದು ಮರದ ತೊಗಟೆಯನ್ನೂ ಜಜ್ಜಿ ಹಾಕುತ್ತೇನೆ. ಅದರ ಹೆಸರು ಹೇಳಿಕೊಟ್ಟದ್ದು ಅತ್ತೆ, ಅದು ಮನೆಯಲ್ಲೇ ಇರಲಿ.

ಹರಳಿಗೆ ಮದ್ದು ನಿಂಬೆಹುಳಿ. ನೂರು ಲೀಟರ್ ಹಾಲಿಗೆ ನನ್ನ ಲೆಕ್ಕ ಐದಾರು ಹಣ್ಣು, ಆದರೆ ಯಾವ ಹೊತ್ತಿಗೆ ಹಿಂಡಬೇಕು ಎಂಬುದನ್ನು ನಿಮ್ಮ ಕೊಪ್ಪರಿಗೆಯಲ್ಲೇ ನೋಡಿಕೊಳ್ಳಿ. ನಿಂಬೆಯ ಬದಲು ಮುರುಗಲು (ಪುನರ್ಪುಳಿ) ಹುಳಿ ಹಾಕಿ ಒಂದು ಡಬ್ಬಿ ಮಾಡಿದೆ: ಬಣ್ಣ ಕೆಂಪೇರಿತು, ಮಕ್ಕಳಿಗೆ ದೋಸೆಗೆ ಅದೇ ಬೇಕು, ಕೊಳ್ಳುವವರು ಮಾತ್ರ ಒಪ್ಪಲಿಲ್ಲ. ಶುಂಠಿ ಹಾಕಿದ್ದು ಗಂಟಲಿಗೆ ಒಳ್ಳೆಯದು, ತೊಡದೇವು ಎಂಬ ತೆಳು ಸಿಹಿತಿಂಡಿಗೆ ಬಾರದು.

ಇಳಿಸುವ ಹದಕ್ಕೆ ಅಜ್ಜ ಪಾಕದ ಎಳೆ ನೋಡುತ್ತಿದ್ದರು. ನಾನು ಎಳೆಯನ್ನೂ ನೋಡಿದೆ, ಥರ್ಮಾಮೀಟರನ್ನೂ ಇಳಿಬಿಟ್ಟೆ. 105 ಡಿಗ್ರಿ ಸೆಲ್ಸಿಯಸ್ ದಾಟಿ 106 ಮುಟ್ಟುವಾಗ ಬೆಂಕಿ ಎಳೆದೆ. ನೂರ ಎಂಬತ್ತು ಲೀಟರ್ ಹಾಲಿಗೆ ಹತ್ತಿರಹತ್ತಿರ ನಲವತ್ತೈದು ಕಿಲೋ ಜೋನಿ ಸಿಕ್ಕಿತು. ಡೀಸೆಲ್ ಗಾಣದವರಿಗಿಂತ ಕಿಲೋಗೆ ಮೂವತ್ತು ರೂಪಾಯಿ ಹೆಚ್ಚಿಗೆ ಮಾರಿದೆ. ಮುಂದಿನ ಆಲೆಮನೆಗೆ ಹದಿನಾಲ್ಕು ಡಬ್ಬಿಗೆ ಈಗಲೇ ಮುಂಗಡ ಬಂದಿದೆ. ಕೋಣಗಳಿಗೂ ಮಾತು ಕೊಟ್ಟಾಗಿದೆ.