ಶಾಸನವಿಲ್ಲದ ಬೇಚರಾಕ್ ಊರಿನ ಚರಿತ್ರೆ: ನನ್ನ ಅನುಭವ

ಊರಿನ ಹೆಸರು ಹೇಳುವುದಿಲ್ಲ. ಹೇಳಿದ ಮರುವಾರವೇ ನಿಧಿಗಳ್ಳರು ಹಾರೆ ಹಿಡಿದು ಹಾಜರಾಗುತ್ತಾರೆ. ಅಲ್ಲಿನ ಹನುಮಪ್ಪನ ಗುಡಿಯ ಕಟ್ಟೆಯನ್ನು ಈಗಾಗಲೇ ಎರಡು ಸಲ ಅಗೆದಿದ್ದಾರೆ. ಬಾಗಲಕೋಟೆ ಸೀಮೆಯಲ್ಲಿ, ಘಟಪ್ರಭೆಯ ದಕ್ಷಿಣದ ದಿಣ್ಣೆಯ ಮೇಲಿದೆ ಎಂದರೆ ಸಾಕು. ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ, ಅಂದರೆ ದೀಪವಿಲ್ಲದ ಊರು. ನಿಜಕ್ಕೂ ಒಂದು ದೀಪವಿದೆ. ಕುರಿಹಟ್ಟಿಯ ಪಕ್ಕದ ಗುಡಿಸಲಿನಲ್ಲಿ ಒಬ್ಬ ಅಜ್ಜಿ, ಆಕೆಯ ಮೊಮ್ಮಗ, ಒಂದು ಸೋಲಾರ್ ಬಲ್ಬು.

ಈ ಊರಿನ ಚರಿತ್ರೆ ಬರೆಯುತ್ತೇನೆ ಎಂದಾಗ ಗೆಳೆಯರೆಲ್ಲ ನಕ್ಕರು. ‘ಶಾಸನವಿಲ್ಲ, ಊರಿನ ವೃತ್ತಾಂತ ಬರೆದಿಟ್ಟ ಕೈಫಿಯತ್ತಿಲ್ಲ. ಏನು ಬರೆಯುತ್ತೀರಿ ಮಾಸ್ತರರೇ, ಜಾಲಿಕಂಟಿಯ ಚರಿತ್ರೆಯೇ?’ ಎಂದರು ಒಬ್ಬರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಬಾಂಬೆ-ಕರ್ನಾಟಕ ಶಾಸನ ಸಂಪುಟಗಳನ್ನು ತಿರುವಿದೆ, 1884ರ ಬಿಜಾಪುರ ಗೆಜೆಟಿಯರನ್ನು ಜಾಲಾಡಿದೆ. ಒಂದು ಸಾಲೂ ಇಲ್ಲ. ಶಾಸನಗಳಲ್ಲಿ ಬರುವ ಬಾಗಡಗೆ-70 ಎಂಬ ಹಳೆಯ ನಾಡಿನೊಳಗೆ ಊರನ್ನು ಹೇಗಾದರೂ ತುರುಕಲು ನೋಡಿ, ನಾಚಿಕೊಂಡು ಕೈಬಿಟ್ಟೆ.

ಆಮೇಲೆ ದುಡ್ಡು ಕಳೆದುಕೊಳ್ಳುವ ಸರದಿ. ಹಳೆಯ ಕುಲಕರ್ಣಿ ಮನೆತನವೊಂದರ ದಫ್ತರದಿಂದ ಮೋಡಿ ಲಿಪಿಯ, ಅಂದರೆ ಮರಾಠಿಯ ಹಳೆಯ ಕೂಡುಬರಹದ, ನಲವತ್ತು ಹಾಳೆ ಸಿಕ್ಕವು. ಓದಿಸಲು ಹಾಳೆಗೆ ನೂರೈವತ್ತರಂತೆ ಆರು ಸಾವಿರ ಕೊಟ್ಟೆ. ನಾಲ್ಕು ತಿಂಗಳು ಟಿಪ್ಪಣಿ ಮಾಡಿದ ಮೇಲೆ ‘ಹೊಳೆದಂಡೆಯ ತೋಟ’ ಎಂಬ ಮಾತು ಕಣ್ಣಿಗೆ ಬಿತ್ತು. ನನ್ನ ಊರಿನಿಂದ ಹೊಳೆಗೆ ಮೂರು ಕಿಲೋಮೀಟರ್! ಹಾಳೆಗಳು ಅದೇ ಹೆಸರಿನ ಬುದ್ರುಕ್ (ದೊಡ್ಡ) ಊರಿನವು, ನನ್ನದು ಖುರ್ದ (ಚಿಕ್ಕದು). ಹೆಸರಿನ ಮುಂದಿನ ಬಿ.ಕೆ. (ಬುದ್ರುಕ್), ಕೆ.ಡಿ. (ಖುರ್ದ) ನೋಡದೆ ಕಾಗದ ಮುಟ್ಟಬಾರದೆಂದು ಹುಡುಗರಿಗೆ ಹೇಳಿಕೊಟ್ಟವನು ನಾನೇ. ಶ್ರಾವಣದಲ್ಲಿ ಡ್ರೋನ್ ಬಾಡಿಗೆಗೆ ತಂದು ಹಸಿರು ಹುಲ್ಲಿನ ಚಿತ್ರ ತೆಗೆಸಿದ್ದಕ್ಕೆ ಇನ್ನೊಂದು ಐದೂವರೆ ಸಾವಿರ ಹೋಯಿತು. ಮುಂದೆ ಮಾರ್ಚಿಯಲ್ಲಿ, ಜೋಳ ಕೊಯ್ದ ಮೇಲೆ, ಬೆಳಗಿನ ಏಳರ ಓರೆ ಬಿಸಿಲಿನಲ್ಲಿ ಗುಡ್ಡ ಹತ್ತಿ ಮೊಬೈಲಿನಲ್ಲೇ ತೆಗೆದೆ. ಅಗಸಿಯ, ಅಂದರೆ ಊರಬಾಗಿಲಿನ, ಎರಡೂ ಬದಿಯ ಗೋಡೆಯ ಸಾಲು ನೆರಳಾಗಿ ಎದ್ದು ನಿಂತಿತ್ತು. ಖರ್ಚು ಒಂದು ಚಹಾ.

ಕೈಹಿಡಿದದ್ದು ಹೊಲದ ಹೆಸರು. ಹೊಲದ ದಾಖಲೆಯಾದ ಉತಾರದಲ್ಲಿ ಬರೀ ನಂಬರು. ಹೆಸರಿರುವುದು ಉಳುವವರ ಬಾಯಲ್ಲಿ. ಅರವತ್ತು ಚಿಲ್ಲರೆ ಸರ್ವೆ ನಂಬರುಗಳಲ್ಲಿ ಸುಮಾರು ನಲವತ್ತೈದಕ್ಕೆ ಹೆಸರು ಸಿಕ್ಕಿತು. ಕುಂಬಾರ ಪಟ್ಟಿ, ತಳವಾರ ಉಂಬಳಿ, ಗುರವನ ಹೊಲ, ಸಂತೆಮಾಳ, ಉಪ್ಪುಬಾವಿ. ಊರ ಸೇವೆಗೆಂದು ಬಿಟ್ಟುಕೊಟ್ಟ ಉಂಬಳಿ, ಮಾನ್ಯ ಹೊಲಗಳನ್ನು ನಕ್ಷೆಗೆ ಇಳಿಸಿದೊಡನೆ ಯಾರ್‍ಯಾರು ಇದ್ದರೆಂಬುದು ಗೊತ್ತಾಯಿತು. ಜಾಲಿಕಂಟಿಯ ಊರಿನಲ್ಲಿ ವಾರದ ಸಂತೆ ಕೂಡುತ್ತಿತ್ತೆಂದು ಗೆಳೆಯರಿಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರಿದ್ದು ನಿಜ. ಉಪ್ಪುಬಾವಿಯ ನೀರನ್ನು ಉಪ್ಪಿನಂಶ ತೋರಿಸುವ ನಾನೂರು ರೂಪಾಯಿಯ ಮೀಟರಿನಿಂದ ಅಳೆದೆ. ಎರಡು ಸಾವಿರದ ಹತ್ತಿರ ತೋರಿಸಿತು. ಇಂದಿನ ನೀರು ಅಂದಿನ ಸಾಕ್ಷಿಯಾಗುವುದಿಲ್ಲ. ಆದರೂ ಅಳೆದೆ.

ಉಳಿದದ್ದು ಜನ. ಅವರನ್ನು ಹುಡುಕಿಕೊಟ್ಟವರು ಮನೆತನಗಳ ವಂಶಾವಳಿ ಹೇಳುವ ಹೆಳವರು. ಸುಗ್ಗಿಯ ನಂತರ ಬರುವ ಹೆಳವರ ಹಿರಿಯರೊಬ್ಬರನ್ನು ಎರಡು ವರ್ಷ ಕಾದು ಹಿಡಿದೆ. ಜಗಲಿಯ ಮೇಲೆ ಕುಳಿತು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಹೊತ್ತಿಗೆ ಬಿಚ್ಚಿ, ಒಂದೇ ಉಸಿರಿನಲ್ಲಿ ತಲೆಮಾರುಗಳನ್ನು ಹೇಳತೊಡಗಿದರು. ನಡುವೆ ನಾನು ಇಸವಿ ಕೇಳಿದೆ. ನಿಲ್ಲಿಸಿ, ಮತ್ತೆ ಮೂಲಪುರುಷನಿಂದಲೇ ಶುರು ಮಾಡಿದರು. ‘ನಡುವೆ ಬಾಯಿ ಹಾಕಬೇಡಿ ಮಾಸ್ತರರೇ, ದಾರ ಹರಿದರೆ ಮಣಿ ಚೆಲ್ಲುತ್ತವೆ.’ ಎರಡು ಚೀಲ ಜೋಳ, ಎರಡು ಸಾವಿರ ರೂಪಾಯಿ. ಹೊತ್ತಿಗೆಯನ್ನು ನನ್ನೆದುರು ಬಿಚ್ಚುವಂತೆ ಒಪ್ಪಿಸಿದ್ದು ಹೇಗೆಂಬುದು ನನ್ನಲ್ಲೇ ಇರಲಿ.

1876–78ರ ಬರದಲ್ಲಿ ಊರಿಗೆ ಊರೇ ಸತ್ತಿತೆಂದು ಸುತ್ತಲಿನ ಎಲ್ಲರೂ ಹೇಳುತ್ತಾರೆ. ಸುಲಭವಾಗಿ ನಂಬುವಂಥ ಮಾತು. ಈ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಲ್ಲಿ ಎಂಟು ಲಕ್ಷದಷ್ಟಿದ್ದದ್ದು 1881ಕ್ಕೆ ಆರು ಲಕ್ಷ ಚಿಲ್ಲರೆಗೆ ಇಳಿದಿತ್ತು. ಆದರೆ ಹೆಳವರ ಲೆಕ್ಕದಲ್ಲಿ ಹನ್ನೊಂದು ಮನೆತನಗಳ ಪೈಕಿ ಒಂಬತ್ತರ ಎಳೆ ಕಡಿದೇ ಇಲ್ಲ. ಮಕ್ಕಳು ಮೊಮ್ಮಕ್ಕಳು ಬುದ್ರುಕ್‌ನಲ್ಲಿ ಹುಟ್ಟಿದ್ದಾರೆ. ನಾನು ಮೂಲೆಗೆಸೆದಿದ್ದ ನಲವತ್ತು ಹಾಳೆಗಳನ್ನು ಅಂದು ರಾತ್ರಿಯೇ ತೆಗೆದೆ. ಹೊಳೆದಂಡೆಯ ತೋಟ ಮಾಡುತ್ತಿದ್ದವರಲ್ಲಿ ನಾಲ್ಕು ಅಡ್ಡಹೆಸರು ನಮ್ಮ ದಿಣ್ಣೆಯವರದೇ! ಆರು ಸಾವಿರ ಬಡ್ಡಿಸಮೇತ ವಾಪಸು ಬಂತು.

ಇಳಿದವರು ಅಲ್ಲಿಯೂ ಉಳಿಯಲಿಲ್ಲ. ಆಲಮಟ್ಟಿ ಅಣೆಕಟ್ಟಿನ ನೀರು ನಿಲ್ಲುವ ಮಟ್ಟ 519.60 ಮೀಟರ್. ಭೂಪಟದ 47ಪಿ/12 ಹಾಳೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳು ಇಪ್ಪತ್ತು ಮೀಟರಿಗೊಂದು. 520ರ ಗೆರೆಯ ಮೇಲೆ ಕೆಂಪು ಪೆನ್ಸಿಲ್ ಎಳೆದರೆ ಹಿನ್ನೀರಿನ ಅಂಚು ಹೆಚ್ಚುಕಡಿಮೆ ಅದೇ. ಬುದ್ರುಕ್‌ನ ಕೆಳಗೇರಿ ಗೆರೆಯ ಒಳಗೆ, ಹಾಳುಬಿದ್ದ ಖುರ್ದ ಅದಕ್ಕಿಂತ ನಲವತ್ತು ಮೀಟರ್ ಮೇಲೆ. ಗುಡಿಸಲಿನ ಅಜ್ಜಿ ಆ ಕೆಳಗೇರಿಯ ಸೊಸೆ. ‘ನಿಮ್ಮ ಹಿರಿಯರು ಇಲ್ಲಿಯವರೆಂದು ಗೊತ್ತಿತ್ತೇನವ್ವಾ?’ ಎಂದು ಕೇಳಿದೆ. ‘ಗೊತ್ತಿಲ್ಲದೆ ಇಲ್ಲಿಗೇಕೆ ಬರಲಿ ತಮ್ಮಾ?’ ಎಂದಳು. ಆಕೆಯನ್ನೇ ಮೊದಲು ಕೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಒಟ್ಟು ಖರ್ಚು ಇಪ್ಪತ್ತೆಂಟು ಸಾವಿರದಷ್ಟು. ಪುಸ್ತಿಕೆಯ ಇನ್ನೂರು ಪ್ರತಿ ಹಾಕಿಸಿ ಆ ಮನೆತನಗಳಿಗಷ್ಟೇ ಕೊಟ್ಟೆ. ಹನ್ನೊಂದು ಸಾವಿರ ಮರಳಿತು. ಜಾಲಿಕಂಟಿಯ ಗೆಳೆಯರು ಮೊನ್ನೆ ಫೋನ್ ಮಾಡಿ, ತಮ್ಮ ತಾಲೂಕಿನ ಬೇಚರಾಕ್ ಊರೊಂದಕ್ಕೆ ಕೈಹಾಕಿದ್ದೇನೆ, ಹೆಳವರು ಹೊತ್ತಿಗೆ ಬಿಚ್ಚುತ್ತಿಲ್ಲ, ಏನು ಮಾಡಲಿ ಎಂದರು. ಎರಡು ಚೀಲ ಜೋಳದ ಸಂಗತಿ ಹೇಳಿದ್ದೇನೆ, ಅಷ್ಟೇ.